ಉಗಿಯಿಲ್ಲದ ಎಂಜಿನ್

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಫಿಟರ್. ಭತ್ತ ಬೇಯಿಸುವ ಬಾಯ್ಲರಿನ ಪೈಪುಗಳು ನನ್ನ ಜವಾಬ್ದಾರಿ. ಎರಡು ವರ್ಷದ ಹಿಂದೆ ಪೈಪಿನ ಜೋಡಣೆಯೊಂದು ಬಿಟ್ಟುಕೊಂಡು, ಉಗಿ ಚಿಮ್ಮಿ, ಬಾಯ್ಲರ್ ನೋಡಿಕೊಳ್ಳುತ್ತಿದ್ದ ನನ್ನ ಗೆಳೆಯನ ಬಲಗೈ ಬೆಂದುಹೋಯಿತು. ಬುಕ್ಕಸಾಗರದವನು. ಈಗ ಗಿರಣಿಯ ಗೇಟಿನಲ್ಲಿ ಕೂತು ಎಡಗೈಯಲ್ಲಿ ಲಾರಿ ನಂಬರ್ ಬರೆದುಕೊಳ್ಳುತ್ತಾನೆ.

ಆಮೇಲೆ ಬಾಯ್ಲರಿನಲ್ಲಿ ಉಗಿ ಏರುವಾಗ ನಾನು ಅದರ ಹತ್ತಿರ ನಿಲ್ಲುತ್ತಿರಲಿಲ್ಲ. ಆಗಲೇ ಫೋನಿನಲ್ಲಿ ಒಂದು ವಿಡಿಯೊ ನೋಡಿದೆ: ಬಿಸಿನೀರಿನ ಪಾತ್ರೆಯ ಮೇಲಿಟ್ಟರೆ ಸಾಕು, ತಿರುಗುವ ಎಂಜಿನ್. ಒಳಗಿರುವುದು ಗಾಳಿ ಮಾತ್ರ. ಕೆಳಗೆ ಕಾದು ಹಿಗ್ಗುತ್ತದೆ, ಮೇಲೆ ತಣಿದು ಕುಗ್ಗುತ್ತದೆ. ಸಿಡಿಯುವಂಥದ್ದು ಏನೂ ಇಲ್ಲ. ಮಾಡಲೇಬೇಕು ಅನ್ನಿಸಿತು. ಎರಡು ಅಲ್ಯುಮಿನಿಯಂ ತಟ್ಟೆ, ನಡುವೆ ಥರ್ಮಾಕೋಲಿನ ಬಿಲ್ಲೆ, ಬಲೂನಿನ ರಬ್ಬರು, ಚಕ್ರ ತಿರುಗಿಸಲು ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಕ್ರ್ಯಾಂಕು, ಹಳೆಯ ಸಿ.ಡಿ.ಯ ಚಕ್ರ. ಎಷ್ಟು ಭಾನುವಾರ ಕೂತರೂ ಅದು ಒಂದು ಸುತ್ತು ತಿರುಗಿ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಗೆಳೆಯ ಮನೆಗೆ ಬಂದ.

"ಲೇ, ಎಲ್ಲೋ ಗಾಳಿ ಸೋರಾಕತ್ತೈತಿ. ಸೋಪಿನ ನೊರಿ ಹಚ್ಚಿ ನೋಡು."

ಹಚ್ಚಿ ರಬ್ಬರನ್ನು ಮೆಲ್ಲಗೆ ಒತ್ತಿದೆ. ಅಂಚಿನಲ್ಲಿ ಗುಳ್ಳೆ ಎದ್ದಿತು. ಅಲ್ಲಿಗೆ ಅಂಟು ಬಳಿದು, ಒಣಗಿದ ಮೇಲೆ ಬಿಸಿನೀರಿನ ಮೇಲಿಟ್ಟು, ಮೇಲಿನ ತಟ್ಟೆಗೆ ಐಸ್ ಹಾಕಿ, ಚಕ್ರಕ್ಕೆ ಬೆರಳು ತಾಗಿಸಿದೆ. ತಿರುಗಿತು. ತಿರುಗುತ್ತಲೇ ಇತ್ತು.

"ಮಸ್ತ್ ಮಾಡೀಯಲೇ!" ಅವನು ಬಾಯ್ತುಂಬ ನಕ್ಕ. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ.

"ಆವತ್ತು ಆ ಪೈಪಿನ ಸಂದಿಗೆ ಹಾಕಾಕ ಹೊಸ ಗ್ಯಾಸ್ಕೆಟ್ ಇರ್ಲಿಲ್ಲ," ಎಂದೆ. "ಬಿಚ್ಚಿದ್ದ ಹಳೇದನ್ನ ಹಾಕಿ ಬಿಗಿದಿದ್ದೆ. ಯಾರಿಗೂ ಹೇಳಿಲ್ಲ."

"ಗೊತ್ತಿದ್ದು ಹಾಕಿದ್ಯಾ?"

"ಹೂಂ. ಜಲ್ದಿ ಮಾಡು ಅಂತಿದ್ರು."

ಅವನು ತಿರುಗುತ್ತಿದ್ದ ಚಕ್ರವನ್ನು ಎಡಗೈಯಿಂದ ತಡೆದು ನಿಲ್ಲಿಸಿದ. "ವಾಲ್ವ್ ನಾನೇ ಜೋರಾಗಿ ತಿರುವಿದ್ನೇನೋ ಅಂತ ಎರಡು ವರ್ಷ ನನ್ನ ನಾನೇ ಬೈಕೊಂಡೀನಿ," ಎಂದು ಎದ್ದು ಹೊರಟ. ಚಹಾ ಕುಡಿದು ಹೋಗು ಎಂದೆ. "ಬ್ಯಾಡ," ಎಂದ.

ಮರುದಿನ ಮಾಲೀಕರಿಗೂ ಹೇಳಿದೆ. "ಮುಗಿದಿದ್ದು ಈಗ್ಯಾಕ? ಕೆಲಸ ನೋಡು," ಎಂದರು.

ಗೆಳೆಯ ಈಗಲೂ ಗೇಟಿನಲ್ಲಿ ಮಾತಾಡಿಸುತ್ತಾನೆ. "ಬರ್ರಿ," ಎನ್ನುತ್ತಾನೆ, ಲಾರಿ ಡ್ರೈವರುಗಳಿಗೆ ಹೇಳುವ ಹಾಗೆ. ಅವನ ಮನೆಗೆ ಹೋಗಿ ಅವನ ಹೆಂಡತಿಯ ಮುಂದೆಯೂ ತಪ್ಪು ಒಪ್ಪಿಕೊಳ್ಳಬೇಕು. ಬುಕ್ಕಸಾಗರದ ದಾರಿ ದೂರವೇನಲ್ಲ. ಇನ್ನೂ ಹೋಗಿಲ್ಲ.