ಗಡ್ಡದ ಬೋರ್ಡು

ಪೇಂಟರ್ ಕಾಕಾನ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಕೆಂಪು ಬಣ್ಣ ಕೂತುಬಿಟ್ಟಿತ್ತು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದ, ಅದೇ ಕೈಯಲ್ಲಿ ನಮ್ಮ ನಾಟಕ ಕಂಪನಿಯ ಪರದೆ, ಬೋರ್ಡು ಬರೆಯುತ್ತಿದ್ದ. ಧುಪದಾಳದವನು. ಅವನ ಮಾತು ಒರಟು.

ಗೋಕಾಕದ ಅವನ ಖೋಲಿಯ ಗೋಡೆಯ ಮೇಲೆ ಅವನೇ ಬರೆದ ಐದು ಸಾಹೇಬರ ಚಿತ್ರಗಳಿದ್ದವು: ರಾಜ, ಕುಡುಕ, ಪಾದ್ರಿ, ಕೊಲೆಗಾರ, ಗೂನುಬೆನ್ನಿನ ಮುದುಕ. ಐವರೂ ಯಾರು ಎಂದು ಕೇಳಿದ್ದೆ.

"ಐದೂ ಒಬ್ಬಾಂವನ. ಇಂಗ್ಲೆಂಡಿನ ನಾಟಕದಾಂವ, ಸಿನಿಮಾದಾಗೂ ಅದಾನ. ಬೆಳಗಾವಿಗೆ ಹೋಗಿ ನೋಡಿ ಬಂದು ಬರದೇನಿ. ಮೂಗು ನೋಡು, ಅದ ಮೂಗು. ಉಳಿದದ್ದು ಅಂವ ದುಡದು ಮಾಡಿದ್ದು."

ಇಂಗ್ರೇಜರು ಹೋದ ಮೇಲೂ ಇವನೇಕೆ ಗೋಡೆಯ ಮೇಲೆ ಎಂದು ಕೆಲವರು ಆಡಿಕೊಳ್ಳುತ್ತಿದ್ದರು. "ನಮ್ಮನ್ನ ಆಳಾಂವ ಹೋದ. ಬಣ್ಣ ಹಚ್ಚಾಂವ ನಮ್ಮಾಂವ" ಎಂದು ಕಾಕಾ ಬಾಯಿ ಮುಚ್ಚಿಸುತ್ತಿದ್ದ.

ನನಗೆ ಮೂವತ್ತೈದು ತುಂಬಿದಾಗ ಕಂಪನಿ ಮೂಡಲಗಿಯಲ್ಲಿ ಬೀಡುಬಿಟ್ಟಿತ್ತು. ಮಾಲೀಕರು ಕರೆದು ಹೇಳಿದರು: "ಬಾಯಾರ, ನಿಮ್ಮ ಮಾರಿಗೆ ಇನ್ನ ರಾಣಿ ಪಾತ್ರ ಒಪ್ಪೂದಿಲ್ಲ. ಈ ಕ್ಯಾಂಪ್ ಮುಗದ ಮ್ಯಾಲ ಊರಿಗೆ ಹೋಗ್ರಿ."

ಯಾವ ಊರಿಗೆ? ಹದಿನಾಲ್ಕನೇ ವಯಸ್ಸಿನಿಂದ ಕಂಪನಿಯೇ ನನ್ನ ಮನೆ. ಮುದಿ ರಾಜನ ಪಾತ್ರಧಾರಿ ಬಿಟ್ಟುಹೋಗಿದ್ದ. ಆ ಪಾತ್ರ ನನಗೆ ಕೊಡಿ ಎಂದೆ.

"ಹೆಣ್ಣಿಗೆ ಗಡ್ಡ ಕಟ್ಟಿದ್ರ ಮಂದಿ ಕಲ್ಲ ಒಗೀತಾರ" ಎಂದು ನಕ್ಕರು.

ಆ ನಗು ಇವತ್ತಿಗೂ ನನಗೆ ಉರಿಯುತ್ತದೆ. ಕಾಕಾನ ಮುಂದೆ ಹೇಳಿಕೊಂಡು ಅತ್ತೆ. ಅವನು, "ಅಳೂದು ಸಾಕು. ಮಾರಿ ಈ ಕಡೆ ಮಾಡಿ ಕುಂದರು" ಎಂದು ಕುಂಚ ತೆಗೆದ.

ಮರುದಿನ ಬೆಳಿಗ್ಗೆ ಹಲಗೆ ಬಾರಿಸುತ್ತ ಆಟ ಸಾರಲು ಹೊರಟ ಬಂಡಿಯ ಮೇಲೆ ಹೊಸ ಬೋರ್ಡು. ಕಿರೀಟ, ಬಿಳಿ ಗಡ್ಡ, ನಡುವೆ ನನ್ನ ಮುಖ, ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು. ಮಾಲೀಕರು ಎದ್ದು ಹಲ್ಲುಜ್ಜುವ ಹೊತ್ತಿಗೆ ಬಂಡಿ ಪಕ್ಕದೂರು ಮಸಗುಪ್ಪಿ ದಾಟಿತ್ತು. ಬಂಡಿ ಸಾರಿದ ಆಟವನ್ನು ಯಾವ ಕಂಪನಿಯೂ ಬದಲಿಸುವುದಿಲ್ಲ. ಬದಲಿಸಿದರೆ ಆ ಊರಿನ ಜನ ಮತ್ತೆ ಟೆಂಟಿಗೆ ಕಾಲಿಡುವುದಿಲ್ಲ.

"ಯಾರನ್ನ ಕೇಳಿ ಬರದೀ?" ಎಂದು ಮಾಲೀಕರು ಹಾರಾಡಿದರು.

"ಯಾರನ್ನೂ ಕೇಳಿಲ್ಲರಿ. ಬೇಕಾದ್ರ ನನ್ನ ಕೆಲಸ ಬಿಡಸ್ರಿ. ಬೋರ್ಡ್ ಅಳಸೂದಿಲ್ಲ."

ಬಿಡಿಸಿದರು. ಅವತ್ತಿನ ಆಟಕ್ಕೆ ಅವನು ಟಿಕೀಟು ತೆಗೆಸಿ ಮುಂದೆ ಬಂದು ಕೂತ. ನಾನು ರಂಗಕ್ಕೆ ಬಂದೊಡನೆ ಸಿಳ್ಳೆ ಬಿತ್ತು, ನಗು ಎದ್ದಿತು. ನಾನು ನಗುವ ಮಂದಿಯನ್ನೇ ನೋಡುತ್ತ ನಿಂತೆ, ನಗು ತಾನಾಗಿ ನಿಲ್ಲುವವರೆಗೂ. ಆಮೇಲೆ ಹನ್ನೊಂದು ವರ್ಷ ಆ ರಾಜ ನನ್ನವನೇ.

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾವು ಹುಕ್ಕೇರಿಯಲ್ಲಿದ್ದೆವು. ಸಿಕ್ಕ ಬಸ್ಸು ಹತ್ತಿ ಧುಪದಾಳಕ್ಕೆ ಓಡಿದೆ. "ಹೆಣ್ಣಮಕ್ಕಳು ಮಣ್ಣಿಗೆ ಬರೂದಿಲ್ಲವ್ವ" ಎಂದು ಅವನ ಅಣ್ಣ ಸ್ಮಶಾನದ ದಾರಿಗೆ ಅಡ್ಡ ನಿಂತ.

"ಸರೀರಿ" ಎಂದೆ, ನನ್ನ ರಾಜನ ದನಿಯಲ್ಲಿ.

ಅವನು ಸರಿದ. ನಾನು ಮೂರು ಹಿಡಿ ಮಣ್ಣು ಹಾಕಿ ಬಂದೆ.