ಕಾರಿಗೆ ಹಾಕಿದ ಗೊಟ್ಟ

ವಾಲ್ವು ಅಲುಗಾಡಲಿಲ್ಲ. ಎಂಜಿನ್ನಿನ ತಲೆ ಬಿಚ್ಚಿ ಹಲಗೆಯ ಮೇಲೆ ಇಟ್ಟಿದ್ದೆ. ಸ್ಪ್ರಿಂಗು ತೆಗೆದಿದ್ದೆ. ಅದನ್ನು ಹಿಡಿದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. ಬೆರಳಿನಿಂದ ಒತ್ತಿದರೆ ಜಾರಿ ಬೀಳಬೇಕಾದದ್ದು ಗೂಟ ಬಡಿದ ಹಾಗೆ ನಿಂತಿತ್ತು. ಕಟ್ಟಿಗೆ ತುಂಡು ಇಟ್ಟು ಸುತ್ತಿಗೆ ಎತ್ತಿದೆ.

"ಮೆಲ್ಲಕ ಹೊಡಿಯೋ. ಅದೇನು ಕಲ್ಲಿನ ಖಣಿ ಏನು?" ಎಂದರು ಗೌಡರು. ಕಾರು ಅವರದು. ಗ್ಯಾರೇಜಿನ ಮುಂದಿನ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದರು.

"ಮೆಲ್ಲಕ ಹೊಡದ್ರ ಅದಕ ಕೇಳಸಂಗಿಲ್ರೀ."

"ಮತ್ತ ಮುರೀತಂದ್ರ?"

"ಮುರದ್ರ ನನ್ನ ಹೆಸರಲೆ ಮುರೀಲಿ ಬಿಡ್ರಿ."

ನಾಲ್ಕನೇ ಏಟಿಗೆ ಬಂತು. ಕೈಯಲ್ಲಿ ಹಿಡಿದು ನೋಡಿದೆ. ನಾನು ಹೇಳಿದ್ದೇ ಒಂದು, ಅಲ್ಲಿ ಇದ್ದದ್ದೇ ಒಂದು.

ಮೂರು ದಿನದ ಹಿಂದೆ ಈ ಕಾರು ಬಸವನ ಬಾಗೇವಾಡಿಯ ನಮ್ಮ ಗ್ಯಾರೇಜಿಗೆ ಎತ್ತುಗಳ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದಿತ್ತು. ಗೌಡರು ಮುದ್ದೇಬಿಹಾಳಕ್ಕೆ ಬೀಗರ ಮನೆಗೆ ಹೊರಟಿದ್ದರು. ದಿನ್ನೆ ಏರುವಾಗ ಕಾರು ಜಗ್ಗಲಿಲ್ಲ. ಕಾರ್ಬೊರೇಟರಿನಿಂದ ಫಟ್ ಫಟ್ ಎಂದು ತಿರುಗಿ ಸಿಡಿದು ನಿಂತುಬಿಟ್ಟಿತು. ಎಳೆಯಲು ಸಿಕ್ಕ ಎತ್ತುಗಳು ಹೋದ ವರ್ಷ ಗೌಡರೇ ಮಾರಿದ್ದವು. ಹೊಲ ಪಾಲಿಗೆ ಹಾಕಿ, ಎತ್ತು ಮಾರಿ, ಆ ಹಳೆಯ ಕಾರು ತಂದಿದ್ದರು. ಆ ಎತ್ತುಗಳು ಕಾರು ಎಳೆದುಕೊಂಡು ಬಂದದ್ದನ್ನು ನೋಡಿ ಪೇಟೆಯೆಲ್ಲ ನಕ್ಕಿತ್ತು. ಗೌಡರಿಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಾಗಿತ್ತು.

ಗ್ಯಾರೇಜಿನ ಮೇಸ್ತ್ರಿ ಆಲಮಟ್ಟಿಗೆ ಡ್ಯಾಮಿನ ಲಾರಿ ರಿಪೇರಿಗೆ ಹೋಗಿದ್ದ. ಇದ್ದವನು ನಾನೊಬ್ಬ. ಕಾರು ಚಾಲು ಮಾಡಿಸಿ ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿದೆ. ಮೂರನೆಯದು ಕಿತ್ತರೂ ಶಬ್ದ ಬದಲಾಗಲಿಲ್ಲ. ಅಂದರೆ ನಾಲ್ಕು ಸಿಲಿಂಡರಿನಲ್ಲಿ ಅದೊಂದು ಸತ್ತಿತ್ತು. ಆಮೇಲೆ ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ಮೂಸಿದೆ.

"ಚಿಮಣಿ ಎಣ್ಣಿ ವಾಸನಿ ಬರ್ತದ್ರೀ ಗೌಡ್ರ," ಎಂದೆ.

ಇಷ್ಟೇ ನಾನು ಹೇಳಿದ್ದು. ಆ ವರ್ಷಗಳಲ್ಲಿ ಪೆಟ್ರೋಲು ತುಟ್ಟಿಯಾಗಿತ್ತು. ಡ್ರೈವರುಗಳು ಪೆಟ್ರೋಲು ತೆಗೆದು ಮಾರಿ, ಅಷ್ಟೇ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಸುರಿಯುವುದನ್ನು ಸಿಂದಗಿಯ ಗ್ಯಾರೇಜಿನಲ್ಲಿ ಎರಡು ಸಲ ನೋಡಿದ್ದೆ. ಹಾಗೆ ಸುರಿದರೆ ವಾಲ್ವು ಮಸಿ ಹಿಡಿದು ಸಿಕ್ಕಿಕೊಳ್ಳುತ್ತದೆ. ನನಗೆ ಮುಂದೆ ಹುಡುಕುವುದು ಬೇಕಾಗಿರಲಿಲ್ಲ.

ಕಾರಿನ ಡ್ರೈವರ್ ಅಲ್ಲೇ ನಿಂತಿದ್ದ. ಮಸೂತಿ ಎಂಬ ಹಳ್ಳಿಯವನು. ಅರವತ್ತರ ಹತ್ತಿರದ ವಯಸ್ಸು. ನಾನು ಅವನಿಗೆ ಕಾಕಾ ಎನ್ನುತ್ತಿದ್ದೆ. ಇಂಡಿಯಲ್ಲಿ ಜಗಳ ಮಾಡಿ, ಸಿಂದಗಿಯಲ್ಲಿ ಬೇಸರವಾಗಿ, ಎರಡೂ ಗ್ಯಾರೇಜು ಬಿಟ್ಟು ಸುಮ್ಮನೆ ತಿರುಗುತ್ತಿದ್ದಾಗ ಇಲ್ಲಿಯ ಮೇಸ್ತ್ರಿಗೆ ಹೇಳಿ ನನ್ನನ್ನು ಕೆಲಸಕ್ಕೆ ಹಚ್ಚಿದವನು ಅವನೇ. ಗೌಡರು ಅವನ ಮುಂದೆ ಕೈ ಚಾಚಿ, "ಕೀಲಿ ಕೊಡು," ಎಂದರು. ಕಾಕಾ ಏನಾದರೂ ಹೇಳುತ್ತಾನೆ ಎಂದುಕೊಂಡೆ. ಕೀಲಿ ಕೊಟ್ಟ. ಟೋಪಿ ತೆಗೆದು ಝಾಡಿಸಿ ಮತ್ತೆ ಹಾಕಿಕೊಂಡ. ನನ್ನ ಕಡೆ ನೋಡಿ, "ಕೈ ತೊಳ್ಕೊಂಡು ಮೂಸಬೇಕಿತ್ತಲ್ಲೋ ತಮ್ಮಾ," ಎಂದು ಹೇಳಿ ಬಸ್‌ ನಿಲ್ದಾಣದ ಕಡೆ ನಡೆದ.

ನನಗೆ ಆಗ ತಿಳಿಯಲಿಲ್ಲ. ಸಂಜೆ ರೊಟ್ಟಿ ಮುರಿಯುವಾಗ ತಿಳಿಯಿತು. ನಾವು ದಿನಾ ಕೈ ತೊಳೆಯುವುದೇ ಚಿಮಣಿ ಎಣ್ಣೆಯಲ್ಲಿ. ನಾನು ಮೂಸಿದ್ದು ನನ್ನ ಕೈಯನ್ನೇ.

ಮೂರು ದಿನ ಒಂದು ಕಡೆ ನಿಲ್ಲಲಾಗಲಿಲ್ಲ. ಗ್ಯಾರೇಜಿನಿಂದ ಚಹಾದ ಅಂಗಡಿ, ಅಲ್ಲಿಂದ ಬಸ್‌ ನಿಲ್ದಾಣ, ಮತ್ತೆ ಗ್ಯಾರೇಜು. ಮೇಸ್ತ್ರಿ ಬರಲಿ ಎಂದು ಗೌಡರು ತಡೆದಿದ್ದರು. ಅವನು ಬರಲಿಲ್ಲ. ಕಡೆಗೆ ನಾನೇ ಬಿಚ್ಚುತ್ತೇನೆ ಎಂದೆ. ಒಳಗೆ ಮಸಿ ಇರಲಿ, ನಾನು ಹೇಳಿದ್ದೇ ನಿಜವಾಗಲಿ ಎಂದು ಬಯಸುತ್ತಾ ಬಿಚ್ಚಿದೆ. ಅದೂ ಖರೆ.

ಮಸಿ ಇರಲಿಲ್ಲ. ವಾಲ್ವಿನ ಕಡ್ಡಿಗೆ ಜೇನಿನ ಬಣ್ಣದ ಜಿಗಟು ಮೆತ್ತಿ ಒಣಗಿತ್ತು. ಚಿಮಣಿ ಎಣ್ಣೆಯಲ್ಲಿ ಅದ್ದಿ ತಿಕ್ಕಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಅರಗಿನ ಹಾಗೆ ಎದ್ದಿತು. ಗಾಳಿ ಮತ್ತು ಪೆಟ್ರೋಲು ಒಳಗೆ ಹೋಗುವ ದಾರಿಯಲ್ಲಿ ಕೈಬೆರಳು ಹಾಕಿ ಎಳೆದೆ. ಬೆರಳಿಗೆ ಹಳದಿ ಹತ್ತಿತು.

ನಾವು ಚಹಾ ಕಾಸುವ ಪಂಪಿನ ಸ್ಟೋ ಹಚ್ಚಿ, ವಾಲ್ವನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಇಟ್ಟೆ. ಜಿಗಟು ಕರಗಲಿ ಎಂದು. ಹೊಗೆ ಎದ್ದಿತು. ಗೌಡರು ಹೊರಸಿನಿಂದ ಮೂಗು ಎತ್ತಿದರು.

"ಯಾರ ಮನ್ಯಾಗೋ ಭಜಿ ಕರಿಯಾಕತ್ತಾರು."

"ಇಲ್ಲೇ ಕರಿಯಾಕತ್ತೇನ್ರಿ," ಎಂದು ಇಕ್ಕಳ ಅವರ ಮುಂದೆ ಹಿಡಿದೆ.

ಮೂಸಿದರು. ಇನ್ನೊಮ್ಮೆ ಮೂಸಿದರು. "ಕುಸುಬಿ ಎಣ್ಣಿ," ಎಂದರು. ನಮ್ಮ ಕಡೆ ಎಲ್ಲರ ಮನೆಯ ಅಡಿಗೆಯೂ ಆ ಎಣ್ಣೆಯಲ್ಲೇ. ಎಣ್ಣೆ ಗಡಿಗೆಯ ಕಂಠಕ್ಕೆ ಒಣಗಿ ಅಂಟಿದ ಜಿಗಟನ್ನು ತಿಕ್ಕಿ ತಿಕ್ಕಿ ಸಾಕಾಗದ ಹೆಣ್ಣುಮಗಳು ಇಲ್ಲ. ನಾನು ನನ್ನ ಅವ್ವನ ಕೈಯಲ್ಲಿ ಎಷ್ಟೋ ಸಲ ನೋಡಿದ್ದೆ.

"ಅರಿಶಿಣಾನೂ ಐತ್ರಿ," ಎಂದು ಬೆರಳು ತೋರಿಸಿದೆ.

ಗೌಡರು ಎದ್ದರು. ಮನೆಯ ಕಡೆ ಹೊರಟರು. ನಾನು ಕರೆಯದೆಯೇ ಹಿಂದೆ ಹೋದೆ.

ಗೌಡರ ತಾಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದರು. ಗೌಡರು ಕೇಳಿದರು. "ಯವ್ವಾ, ಕಾರಿಗಿ ಏನರ ಹಾಕಿದ್ದಿ?"

"ಹೂಂ. ಗೊಟ್ಟಾ ಹಾಕೇನಿ."

ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಬಿದಿರಿನ ಕೊಳವೆಯಲ್ಲಿ ಎಣ್ಣೆ ಅರಿಶಿಣ ಕಲಸಿ ಗಂಟಲಿಗೆ ಸುರಿಯುತ್ತಾರೆ. ಆ ಕೊಳವೆಯೇ ಗೊಟ್ಟ. ದುಡಿಯುವ ಎತ್ತಿಗೆ ವರ್ಷಕ್ಕೊಮ್ಮೆ ಅದು ಬೀಳಲೇಬೇಕು.

"ಕಾರಿಗಿ ಯಾರರ ಗೊಟ್ಟಾ ಹಾಕ್ತಾರೇನವ್ವಾ?"

"ಮತ್ತ ಯಾರಿಗಿ ಹಾಕಲಿ? ನಿನಗ ಹಾಕಲಿ? ಎತ್ತು ಮಾರಿದಿ. ಮನ್ಯಾಗ ದುಡಿಯೂ ಜೀವ ಅಂದ್ರ ಅದೊಂದಽ ಉಳದೈತಿ. ಹಬ್ಬದ ದಿನ ಮೇವಿನ ಗ್ವಾದಲಿ ಖಾಲಿ ಬಿಡಬಾರದು."

"ಎಲ್ಲಿ ಹಾಕಿದಿ?"

"ಬಾಯಾಗ. ಡೈವರನ್ನ ಕೇಳಿದೆ, ಇದರ ಬಾಯಿ ಯಾವುದಪಾ ಅಂತ. ಬ್ಯಾಡ್ರೀ ಅವ್ವಾರ, ಇದಕ ಆಗಿ ಬರಂಗಿಲ್ಲ ಅಂದ. ನಾ ಬಿಡಲಿಲ್ಲ. ಮ್ಯಾಲಿನ ಡಬ್ಬಿ ತಗದು ಉಸರಾಡೂ ಬಾಯಿ ತೋರಿಸಿದ. ಒಂದಽ ಗೊಟ್ಟಾ ಹಾಕೇನಿ. ಎರಡು ಹಾಕಬೇಕಂತಿದ್ದೆ, ಅಂವ ಕೈ ಹಿಡದ."

ನನಗೆ ಎಲ್ಲ ಕೂಡಿಬಂತು. ಎಂಜಿನ್ ನಿಂತಾಗ ಯಾವುದೋ ಒಂದು ವಾಲ್ವು ತೆರೆದೇ ಇರುತ್ತದೆ. ಎಣ್ಣೆ ಇಳಿದದ್ದು ಅಲ್ಲಿಗೆ. ಆಮೇಲೆ ಮಳೆ ಹಿಡಿಯಿತು. ಎರೆ ಮಣ್ಣಿನ ರಸ್ತೆಯಲ್ಲಿ ಕಾರು ಹೊರಡುವುದು ಸಾಧ್ಯವಿರಲಿಲ್ಲ. ಪಂಚಮಿ ದಾಟುವವರೆಗೆ ಎತ್ತಿಲ್ಲದ ಕೊಟ್ಟಿಗೆಯಲ್ಲಿ ನಿಂತಿತ್ತು. ಅಷ್ಟು ದಿನದಲ್ಲಿ ಎಣ್ಣೆ ಅರಗಾಯಿತು. ಕಾಕಾನಿಗೆ ಇದೆಲ್ಲ ಗೊತ್ತಿತ್ತು. ಕೀಲಿ ಕೊಡುವಾಗಲೂ ಗೊತ್ತಿತ್ತು. ಪೇಟೆಯ ನಡುವೆ ಮುದುಕಿಯ ಹೆಸರು ಹೇಳಲಿಲ್ಲ.

ಅವ್ವಾರು ಶೇಂಗಾ ಪುಟ್ಟಿ ಸರಿಸಿದರು. "ಅಂವ ಯಾಕ ಬರವಲ್ಲ? ಮೂರು ದಿನ ಆತು, ಕಾಣವಲ್ಲ."

ಗೌಡರು ನನ್ನನ್ನು ನೋಡಿದರು. ನಾನು ಹೇಳಿದೆ. ಮುಚ್ಚಿಡದೆ ಹೇಳಿದೆ. ಅವ್ವಾರು ಕೇಳಿ, "ಎಷ್ಟನೇತ್ತೆ ಕಲ್ತಿ?" ಎಂದರು.

"ನಾಕನೇತ್ತೆರಿ."

"ನನ್ನ ಮಗ ಮ್ಯಾಟ್ರಿಕ್ ಕಲ್ತಾನ. ಇಬ್ಬರೂ ಒಂದಽ."

ಗೌಡರು ನನ್ನ ಮೇಲೆ ತಿರುಗಿದರು. "ನೀ ಅಂದ ಮಾತು. ನೀನಽ ಹೋಗಿ ಕರಕೊಂಡು ಬಾ."

ನಾನು ಆಗಲೇ ಮೆಟ್ಟಿಲು ಇಳಿದಿದ್ದೆ. ಅವ್ವಾರು ಕೂಗಿದರು. "ಎಲ್ಲಿ ಓಡ್ತಿ? ಕಾರಿನ್ಯಾಗ ಕರಕೊಂಡು ಬಾ. ನಾಲ್ಕು ಮಂದಿ ನೋಡೂ ಹಂಗ ಹೋಗ್ಯಾನ, ನಾಲ್ಕು ಮಂದಿ ನೋಡೂ ಹಂಗ ಬರಲಿ. ಮತ್ತ ಜಲ್ದಿ ಮಾಡು. ನಾಳೆ ಇಂಡಿಗಿ ಮಗಳ ಮನಿಗಿ ಹೊಂಟಾನಂತ. ಅಲ್ಲೇ ಇರ್ತಾನಂತ. ಮಸೂತಿ ಹಾಲಿನಂವ ಹೇಳ್ಯಾನ."

ಜಲ್ದಿ ಮಾಡು ಎಂದರೆ ಆಗುವ ಕೆಲಸವಲ್ಲ ಅದು. ನನಗೆ ಬಾರದ ಕೆಲಸವೂ ಅದೇ. ಎಂಟೂ ವಾಲ್ವು ತೆಗೆದೆ. ಡಬ್ಬಿಯಲ್ಲಿ ನೀರು ಕುದಿಸಿ ಬಟ್ಟೆ ಒಗೆಯುವ ಸೋಡಾ ಹಾಕಿ ಸಿಕ್ಕಿಕೊಂಡಿದ್ದ ವಾಲ್ವು ಅದರಲ್ಲಿ ಬಿಟ್ಟೆ. ಕುಸುಬಿ ಗಡಿಗೆಗೆ ಅವ್ವ ಮಾಡುತ್ತಿದ್ದದ್ದು ಅದನ್ನೇ. ಜಿಗಟು ಮೆತ್ತಗಾಯಿತು. ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಕೆರೆದೆ. ಹೆಚ್ಚು ಕೆರೆದರೆ ಕಡ್ಡಿಗೆ ಗೀರು ಬೀಳುತ್ತದೆ. ಕೈ ಬೇಗ ಬೇಗ ಎನ್ನುತ್ತಿತ್ತು. ತಡೆದೆ. ಕಡ್ಡಿ ಓಡಾಡುವ ತೂತಿನಲ್ಲಿ ತಂತಿಗೆ ಅರಿವೆ ಸುತ್ತಿ ಎಳೆದಾಡಿದೆ. ಅರಿವೆ ಹಳದಿ ಬಂತು, ಆಮೇಲೆ ಕಂದು, ಆಮೇಲೆ ಬೆಳ್ಳಗೆ.

ಆಮೇಲೆ ಕೂರಿಸುವುದು. ವಾಲ್ವಿನ ಅಂಚಿಗೆ ಉಸುಕಿನಂಥ ಪೇಸ್ಟು ಹಚ್ಚಿ, ರಬ್ಬರಿನ ಕೋಲು ಅಂಟಿಸಿ, ಎರಡು ಅಂಗೈ ನಡುವೆ ಕಡಗೋಲಿನ ಹಾಗೆ ತಿರುಗಿಸಬೇಕು. ಸುತ್ತಲೂ ಬೂದುಬಣ್ಣದ ಒಂದೇ ಸಮನಾದ ಉಂಗುರ ಕಾಣುವವರೆಗೆ. ಎರಡು ವಾಲ್ವಿಗೆ ಎದ್ದು ಹೊರಗೆ ಹೋಗಿ ಬಂದೆ. ಮೂರನೆಯದಕ್ಕೆ ಕೋಲು ಎಸೆದೆ. ಮತ್ತೆ ಹೆಕ್ಕಿ ತಂದೆ. ಇಂಡಿಯಲ್ಲೂ ಸಿಂದಗಿಯಲ್ಲೂ ನಾನು ಈ ಕೆಲಸ ಅರ್ಧಕ್ಕೇ ಬಿಟ್ಟು, ಸಾಕು ನಡೀತದೆ ಎಂದು ಕಟ್ಟಿದವನು. ಈ ಸಲ ಹಾಗೆ ಕಟ್ಟಿದರೆ ಮಸೂತಿಯ ದಾರಿಯಲ್ಲಿ ಫಟ್ ಎನ್ನುತ್ತದೆ. ಎಂಟಕ್ಕೂ ಉಂಗುರ ಬರಿಸಿದೆ. ಪೆಟ್ರೋಲು ಸುರಿದು ನೋಡಿದೆ. ಒಂದು ಹನಿ ಸೋರಲಿಲ್ಲ.

ಮರುದಿನ ಮುಂಜಾನೆ ಕಟ್ಟಿ ಮುಗಿಸಿ ಚಾಲು ಮಾಡಿದೆ. ಒಂದೇ ಸಲಕ್ಕೆ ಹತ್ತಿತು. ಮೂರನೆಯ ವೈರು ಕಿತ್ತೆ. ಎಂಜಿನ್ ಕುಂಟಿತು. ಜೀವ ಬಂದಿತ್ತು. ಕೈ ತೊಳೆಯಲಿಲ್ಲ, ಹೊರಟೆ. ಕಾರು ದಿನ್ನೆಯನ್ನು ನುಂಗಿಕೊಂಡು ಏರಿತು.

ಮಸೂತಿಯಲ್ಲಿ ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಗಂಟು ಕಟ್ಟಿದ ಚೀಲ. ಕಾರಿನ ಶಬ್ದ ಕೇಳಿಯೇ ತಲೆ ಎತ್ತಿದ್ದ.

"ನಡಿ ಕಾಕಾ. ಗೌಡ್ರು ಕಳಿಸ್ಯಾರ," ಎಂದೆ.

"ಯಾಕ? ಇನ್ನೇನು ಕದ್ದೇನಂತ?"

"ನಂದು ತಪ್ಪಾತು. ನನ್ನ ಕೈ ವಾಸನಿ ಅದು."

"ಅದು ನನಗ ಅವತ್ತಽ ಗೊತ್ತಿತ್ತು."

"ಗೊತ್ತಿದ್ರ ಬಾಯಿ ಬಿಟ್ಟು ಹೇಳಬೇಕಿಲ್ಲೇನು ಕಾಕಾ?"

"ಏನಂತ ಹೇಳಲಿ? ಗೌಡ್ರ ಅವ್ವ ಕಾರನ್ನ ಎತ್ತು ತಿಳದಾಳ ಅಂತ ಪೇಟ್ಯಾಗ ಒದರಲಿ? ಮತ್ತ ಬಾಯಿ ತೋರಿಸಿದಂವ ಯಾರು? ನಾನಽ. ಒಂದು ಸಲ ಹೊಗಿ ಬಿಟ್ಟು ಸುಟ್ಟು ಹೋಗ್ತದ ಅಂತ ತಿಳದಿದ್ದೆ." ಚೀಲದ ಗಂಟು ಬಿಗಿ ಮಾಡುತ್ತಾ, "ನೀ ಬಿಚ್ಚಿದ ಮ್ಯಾಲೆ ತಿಳೀತದ ಅಂದ್ಕೊಂಡಿದ್ದೆ. ಮೂರು ದಿನ ಹಿಡೀತು ನಿನಗ," ಎಂದ.

ಎದ್ದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಶಬ್ದಕ್ಕೆ ಕಿವಿಗೊಟ್ಟ. "ಒಂದು ಟ್ಯಾಪೆಟ್ ಸಡ್ಲ ಐತಿ."

"ಮಾಡ್ತೇನಿ."

"ಈಗ ಮಾಡು."

ವಾಲ್ವು ಒತ್ತುವ ಆ ಟ್ಯಾಪೆಟ್ಟನ್ನು ಅಲ್ಲೇ ರಸ್ತೆಯಲ್ಲಿ ಬಿಚ್ಚಿ ಬಿಗಿ ಮಾಡಿದೆ. ಊರ ಮಂದಿ ಸುತ್ತ ನಿಂತರು. ಇಂಡಿಯ ಬಸ್ಸು ಬಂತು, ನಿಂತಿತು, ಹೋಯಿತು. ಕಾಕಾ ಹತ್ತಲಿಲ್ಲ. ಕೆಲಸ ಮುಗಿದ ಮೇಲೆ ಕೀಲಿ ಅವನ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ.

"ಕಸಗೊಂಡಂವ ನೀ ಅಲ್ಲ. ಕೊಡಾಂವನೂ ನೀ ಅಲ್ಲ," ಎಂದು ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂತ. ಅಷ್ಟು ದಿನ ಗೌಡರು ಕೂರುತ್ತಿದ್ದ ಜಾಗ. "ಹೊಡಿ."

ಬಾಗೇವಾಡಿಯ ಪೇಟೆಯ ನಡುವೆ ಮೆಲ್ಲಗೆ ಹೊಡೆಯಲು ಹೇಳಿದ. ಹೊಡೆದೆ. ಮನೆಯ ಮುಂದೆ ಗೌಡರು ಬಂದು ಕೈ ಚಾಚಿ ನನ್ನಿಂದ ಕೀಲಿ ತೆಗೆದುಕೊಂಡು ಅವನ ಕೈಯಲ್ಲಿ ಇಟ್ಟರು. ತಪ್ಪಾಯಿತು ಎನ್ನಲಿಲ್ಲ. ಒಳಗಿನಿಂದ ಅವ್ವಾರು, "ಬಂದಿ ಏನಪಾ? ಉಂಡು ಹೋಗು," ಎಂದರು. ಕಾಕಾ ಟೋಪಿ ತೆಗೆದು ಒಳಗೆ ಹೋದ.

ನನ್ನನ್ನು ಯಾರೂ ಕರೆಯಲಿಲ್ಲ. ಗ್ಯಾರೇಜಿಗೆ ನಡೆದುಕೊಂಡು ಹೋದೆ. ಕೈಯನ್ನು ಸಾಬೂನಿನಿಂದ ತೊಳೆದೆ. ಇಷ್ಟೇ. ಇನ್ನು ಹೇಳಲು ನನ್ನ ಹತ್ತಿರ ಏನೂ ಇಲ್ಲ.