ಟಿವಿಯೊಳಗಿನ ಹಿರಿಯರಿಗೆ ಎಳನೀರು

ನಮ್ಮ ಸಮೋವಾದಲ್ಲಿ ಹಿರಿಯರು ಕೂತಿರುವಾಗ ಅವರ ಸೇವೆಗಲ್ಲದೆ ಮಕ್ಕಳು ಎದ್ದು ನಿಲ್ಲುವಂತಿಲ್ಲ. ಪಕ್ಕದ ಮನೆಯ ಫುವಾತಿನೊ ಅಜ್ಜಿ ಈ ಮರ್ಯಾದೆಯನ್ನು ಮೊಮ್ಮಗಳು ಪೆನಿನಾಳಿಗೆ ಹಾಲಿನ ಜೊತೆಗೇ ಕುಡಿಸಿದ್ದಳು. ಮನೆಗೆ ಟಿವಿ ಬಂದ ಮೇಲೆ ಆ ಮರ್ಯಾದೆಯೇ ಅಜ್ಜಿಗೆ ತಿರುಗುಬಾಣವಾಯಿತು. ಶಾಲೆಯಿಂದ ಬಂದು ಟಿವಿ ಮುಂದೆ ಕೂತ ಹುಡುಗಿ ಚಾಪೆಯಲ್ಲೇ ಬೇರು ಬಿಡುತ್ತಿದ್ದಳು. ಎರಡು ಮೆಟ್ಟಿಲು ಹತ್ತಿದರೆ ಸಾಕು, ಅವಳ ಏದುಸಿರಿಗೆ ನನ್ನ ಮನೆಯ ಚಾವಣಿ ಹಾರುತ್ತಿತ್ತು. ಮಗು ಹೀಗೇ ಕೂತರೆ ಕಾಯಿಲೆ ಖಂಡಿತ ಎಂದು ನರ್ಸಮ್ಮ ಹೆದರಿಸಿ ಹೋದಳು.

"ಏಳೇ, ಆಡ್ಕೊಂಡು ಬಾ!"

"ಹೆಂಗ್ ಏಳ್ಲಿ ಅಜ್ಜಿ? ವಾರ್ತೆ ಓದೋ ತಾತ ಇನ್ನೂ ಕೂತವ್ರೆ."

ಅಜ್ಜಿ ಟಿವಿಯ ಕಡೆ ನೋಡಿದಳು. "ಹೌದಲ್ವೇ! ಮನೆಗೆ ಬಂದ ಹಿರಿಯರನ್ನ ಒಣಬಾಯಲ್ಲಿ ಕೂರಿಸ್ತಾರೇನೇ? ಓಡು, ಗುಡ್ಡದ ತೋಟದಿಂದ ಎಳನೀರು ತಾ."

ಟಿವಿಯಲ್ಲಿ ಹಿರಿಯರಿಗೇನು ಬರವೇ? ವಾರ್ತೆಯವರು ಎದ್ದರೆ ಹವಾಮಾನದವರು, ಅವರು ಹೋದರೆ ಪಾದ್ರಿಗಳು. ತಲೆಗೊಂದು ಎಳನೀರು, ಅವರ ಪರವಾಗಿ ಕುಡಿದವಳು ಅಜ್ಜಿ. ತಿಂಗಳೊಳಗೆ ಪೆನಿನಾ ಗಾಳಿಗಿಂತ ಮೊದಲೇ ಗುಡ್ಡ ಹತ್ತತೊಡಗಿದಳು.

ಈಗ ಟಿವಿ ಹಾಕಲು ಅವಳೇ ಬಿಡುವುದಿಲ್ಲ. "ಬೇಡಜ್ಜಿ, ನೆಂಟರು ಬಂದ್ಬಿಡ್ತಾರೆ! ನಾನು ಆಡಕ್ಕೆ ಹೋಗ್ತೀನಿ" ಎಂದು ಓಡುತ್ತಾಳೆ.

ಎಳನೀರಿನ ರುಚಿ ಹತ್ತಿದ ಅಜ್ಜಿ ಮಾತ್ರ ಒಬ್ಬಳೇ ಟಿವಿ ಹಾಕಿಕೊಂಡು, ಬಾಗಿಲ ಕಡೆ ನೋಡುತ್ತಾ ಕೂತಿರುತ್ತಾಳೆ.